ಕಲ್ಲಪ್ಪನ ಪ್ರಾಣಾಂಕ

ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ದೆಹಲಿಯ ಆರ್.ಕೆ. ಪುರಂನ ಸರ್ಕಾರಿ ವಸತಿಗೃಹವೊಂದರಲ್ಲಿ ನಾವು ಏಳು ಮಂದಿ ಊಟದ ಮೇಜಿನ ಸುತ್ತ ಸೇರುತ್ತೇವೆ. ನಾಲ್ವರು ಹಿರಿಯರು, ಮೂವರು ಮಕ್ಕಳು. ನಡುವೆ ಚುರುಮುರಿಯ ಬೋಗುಣಿ, ಪೆನ್ಸಿಲ್ಲುಗಳು, ಇಪ್ಪತ್ತು ಮುಖದ ದಾಳಗಳು. ಆರು ವರ್ಷಗಳಿಂದ ನಡೆದುಬಂದ ರೂಢಿ. ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಟ. ನಾವು ಆಡುತ್ತಿದ್ದುದು 2014ರ ಐದನೆಯ ಆವೃತ್ತಿಯನ್ನು. ಒಬ್ಬರು ಲೋಕವೊಂದನ್ನು ಬಣ್ಣಿಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುತ್ತಾರೆ, ಸಂದೇಹ ಬಂದಲ್ಲಿ ದಾಳ ತೀರ್ಪು ಕೊಡುತ್ತದೆ. ಇಂಗ್ಲಿಷ್ ಎಂ.ಎ. ಮಾಡಿದ ತಪ್ಪಿಗೆ ನಿಯಮಪುಸ್ತಕ ಓದುವ, ಕಥೆ ನಡೆಸುವ ಸೂತ್ರಧಾರಿಕೆ ನಮ್ಮ ಮನೆಯ ಪಾಲಿಗೆ ಬಂದಿದೆ.

ಪುಸ್ತಕದಲ್ಲಿಲ್ಲದ ನಿಯಮವೊಂದನ್ನು ಮೊದಲ ದಿನವೇ ಸೇರಿಸಿಕೊಂಡಿದ್ದೆವು. ಮೇಜಿನ ಬಳಿ ಕನ್ನಡ ಮಾತ್ರ. ಹಿಂದಿಯದೋ ಇಂಗ್ಲಿಷಿನದೋ ವಾಕ್ಯ ಬಾಯಿಂದ ಜಾರಿದರೆ ಆ ಪಾತ್ರದ ಒಂದು ಪ್ರಾಣಾಂಕ ಕಡಿತ. ಪ್ರಾಣಾಂಕವೆಂಬ ಪದವೂ ನಮ್ಮದೇ ಟಂಕಸಾಲೆಯದು. ಎಷ್ಟು ಪೆಟ್ಟು ತಡೆದುಕೊಳ್ಳಬಲ್ಲಿರಿ ಎಂಬುದರ ಲೆಕ್ಕ. ಕವಚಾಂಕ, ಪಾರುದಾಳ ಮೊದಲಾದ ಇನ್ನೂ ಹತ್ತಾರು ಪದಗಳನ್ನು ಹೀಗೆಯೇ ಕಟ್ಟಿಕೊಂಡೆವು. ಕಚೇರಿಯಲ್ಲಿ ಹಿಂದಿ ಟಿಪ್ಪಣಿ ಬರೆದು, ತರಕಾರಿಯವನೊಡನೆ ಹಿಂದಿಯಲ್ಲಿ ಚೌಕಾಸಿ ಮಾಡಿ, ಮನೆಗೆ ಬಂದು ಮಕ್ಕಳ ಹಿಂದಿಗೆ ಕನ್ನಡದಲ್ಲಿ ಉತ್ತರಿಸುವ ನಮಗೆ ಆ ಮೇಜು ತಿಂಗಳಿಗೊಮ್ಮೆ ತೆರೆಯುವ ತವರಾಗಿತ್ತು.

ಬದಲಾವಣೆಯ ಮಾತೆತ್ತಿದ್ದು ರಾಯರ ಮಗಳು. ಹದಿನಾರರ ಹುಡುಗಿ, ಹತ್ತನೆಯ ವಯಸ್ಸಿನಿಂದ ಈ ಮೇಜಿನಲ್ಲಿ ಬೆಳೆದವಳು. 2012ರಲ್ಲಿ ಸೇಜ್ ಲಟೋರಾ ಮತ್ತು ಆಡಮ್ ಕೋಬೆಲ್ ಹೊರತಂದ ಡಂಜನ್ ವರ್ಲ್ಡ್ ಎಂಬ ಆಟಕ್ಕೆ ಎಲ್ಲರೂ ಹೋಗೋಣವೆಂದಳು. ಅದರ ಪಠ್ಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇರುವುದರಿಂದ ಕನ್ನಡಕ್ಕೆ ತರಲು ಅಡ್ಡಿಯಿಲ್ಲ. ಪಾತ್ರದ ಹಾಳೆಗಳನ್ನು ತಾನಾಗಲೇ ಅನುವಾದಿಸಿ ತಂದಿದ್ದಳು. ಅವಳ ದೂರು ಹೀಗಿತ್ತು: "ನಾವು ಕನ್ನಡದಲ್ಲಿ ಆಡ್ತಿಲ್ಲ, ಅಂಕಿಗಳಲ್ಲಿ ಆಡ್ತಿದ್ದೀವಿ." ಹಿಂದಿನ ಭಾನುವಾರ ಒಂದೇ ಕಾಳಗ ಎರಡೂವರೆ ತಾಸು ಹಿಡಿದಿತ್ತು. ಅಷ್ಟರಲ್ಲಿ ನಮ್ಮ ಕುಬ್ಜ ಯೋಧ ಕಲ್ಲಪ್ಪ ಆಡಿದ ಮಾತುಗಳನ್ನು ಅವಳು ಬರೆದಿಟ್ಟುಕೊಂಡಿದ್ದಳು. "ಹೊಡೀತೀನಿ." "ಹದಿನೇಳು." "ಇನ್ನೊಂದು ಸಲ ಹೊಡೀತೀನಿ." ಇಷ್ಟೇ.

ಹೊಸ ಆಟದಲ್ಲಿ ಹೊಡೆಯುತ್ತೇನೆ ಎಂದರೆ ಸಾಲದು. ಏನು ಮಾಡುತ್ತೀರಿ, ಹೇಗೆ ಎಂದು ಬಣ್ಣಿಸಿದ ಮೇಲೆಯೇ ದಾಳ. ಎರಡು ಆರುಮುಖದ ದಾಳಗಳ ಮೊತ್ತಕ್ಕೆ ಪಾತ್ರದ ಬಲ ಕೂಡಿಸಿ ಹತ್ತೋ ಮೇಲೋ ಆದರೆ ಎಣಿಸಿದ್ದು ಕೈಗೂಡುತ್ತದೆ. ಏಳರಿಂದ ಒಂಬತ್ತಾದರೆ ಕೈಗೂಡಿಯೂ ಏನನ್ನಾದರೂ ತೆರಬೇಕು. ಆರೋ ಕೆಳಗೋ ಆದರೆ ಕಥೆಯನ್ನು ಸೂತ್ರಧಾರ ತಿರುಗಿಸುತ್ತಾನೆ. ಉತ್ತರ ಕನ್ನಡದ ನಮ್ಮ ಸ್ನೇಹಿತರು ಕೇಳಿದೊಡನೆ, "ಇದು ನಮ್ಮ ತಾಳಮದ್ದಳೆಯೇ ಆಯ್ತಲ್ಲ ಮಾರಾಯ್ರೆ!" ಎಂದು ಮೇಜು ಕುಟ್ಟಿದರು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನಿಂದ ಕುರುಕ್ಷೇತ್ರ ಕಟ್ಟುವುದು. ಹೋಲಿಕೆ ಪೂರ್ತಿ ಸರಿಯಲ್ಲ, ತಾಳಮದ್ದಳೆಯಲ್ಲಿ ಕರ್ಣ ಉಳಿಯುವನೇ ಎಂದು ಯಾರೂ ದಾಳ ಹಾಕುವುದಿಲ್ಲ. ಆದರೂ ನಾವು ಅರ್ಧ ಸೋತಿದ್ದೆವು.

ರಾಯರು ಸೋಲಲಿಲ್ಲ. ಲೆಕ್ಕಪತ್ರ ವಿಭಾಗದವರು, ಅವರಿಗೆ ಪಾತ್ರಗಳ ಸ್ಥಳಾಂತರವೇ ಚಿಂತೆ. ಏಳನೆಯ ವೇತನ ಆಯೋಗ ಬಂದಾಗ ಎಲ್ಲರ ಹಳೆಯ ವೇತನವನ್ನು 2.57ರಿಂದ ಗುಣಿಸಿ ಹೊಸ ಕೋಷ್ಟಕದಲ್ಲಿ ಕೂರಿಸಿದರು, ಯಾರಿಗೂ ಇಳಿಕೆಯಾಗಲಿಲ್ಲ, ಇಲ್ಲಿ ಹಾಗಿದೆಯೇ ಎಂದು ಕೇಳಿದರು. ಹಾಗಿರಲಿಲ್ಲ. ಹಳೆಯ ಆಟದಲ್ಲಿ ಮಟ್ಟ ಏರಿದಂತೆ ಪ್ರಾಣಾಂಕ ಏರುತ್ತದೆ. ಏಳನೆಯ ಮಟ್ಟದ ಕಲ್ಲಪ್ಪನಲ್ಲಿ ಅರವತ್ತೇಳು ಇದ್ದವು. ಹೊಸದರಲ್ಲಿ ಯೋಧನಿಗೆ ಹತ್ತು, ಜೊತೆಗೆ ಅವನ ದೇಹದಾರ್ಢ್ಯದ ಅಂಕ ಹದಿನಾರು. ಒಟ್ಟು ಇಪ್ಪತ್ತಾರು. ಮಟ್ಟ ಏರಿದ ಮಾತ್ರಕ್ಕೆ ಅದು ಹೆಚ್ಚುವುದಿಲ್ಲ. "ಇದು ವೇತನ ನಿಗದಿಯಲ್ಲ, ಹಿಂಬಡ್ತಿ" ಎಂದರು ರಾಯರು. ಹೊಸ ಆಟದ ರಾಕ್ಷಸರೂ ಅಷ್ಟೇ ಬಡಪಾಯಿಗಳೆಂದು ನಾವು ಸಮಾಧಾನ ಹೇಳಿದೆವು. ಆ ಇಪ್ಪತ್ತಾರರಲ್ಲಿ ಅಡಗಿದ್ದ ಬೇರೊಂದು ಲೆಕ್ಕ ಹಿರಿಯರ ಪೈಕಿ ಯಾರಿಗೂ ಹೊಳೆಯಲಿಲ್ಲ.

ಮೇ ತಿಂಗಳಲ್ಲಿ ಒಂದು ಆಟ ಆಡಿ ನೋಡೋಣವೆಂದಾಯಿತು. ಕೂಲರಿನ ಗದ್ದಲದ ನಡುವೆಯೂ ಅಂಥ ಮಾತು ಆ ಮೇಜಿನಲ್ಲಿ ಹಿಂದೆಂದೂ ಕೇಳಿರಲಿಲ್ಲ. ಹುಡುಗಿ ಮಾಟಗಾತಿಯಾಗಿ ಹೊಳೆಯನ್ನೇ ಬೈದಳು. ಸ್ನೇಹಿತರು ತಾಳಮದ್ದಳೆಯ ಅರ್ಥಧಾರಿಯಂತೆ ಕಾವಲುಗಾರನೊಬ್ಬನನ್ನು ಹದಿನೈದು ನಿಮಿಷ ವಾದದಲ್ಲಿ ಕೆಡವಿದರು. ಹಳೆಯ ಆಟದಲ್ಲಿ ಕಾಳಗಕ್ಕೆ ಸರದಿಯಿತ್ತು, ಪ್ರತಿಯೊಬ್ಬರನ್ನೂ ಕರೆದು ಕೇಳಲೇಬೇಕಿತ್ತು. ಇದರಲ್ಲಿ ಸರದಿಯಿಲ್ಲ, ಯಾರತ್ತ ತಿರುಗಬೇಕೆಂಬುದು ಸೂತ್ರಧಾರರ ವಿವೇಕಕ್ಕೆ ಬಿಟ್ಟದ್ದು. ನಾವು ಮಾತಾಡುವವರತ್ತಲೇ ತಿರುಗುತ್ತ ಹೋದೆವು. ಮುಕ್ಕಾಲು ತಾಸು ಕಳೆದ ಮೇಲೆ ಕಲ್ಲಪ್ಪನ ಕುರ್ಚಿ ಖಾಲಿ ಇರುವುದು ಕಣ್ಣಿಗೆ ಬಿತ್ತು.

ಕಲ್ಲಪ್ಪನನ್ನು ಆಡಿಸುವ ಹುಡುಗನಿಗೆ ಹನ್ನೊಂದು ವರ್ಷ. ತಾಯಿ ಮಲೆನಾಡಿನವರು, ತಂದೆ ಕುಮಾವುಂ ಸೀಮೆಯವರು. ಅಜ್ಜಿಯೊಡನೆ ಫೋನಿನಲ್ಲಿ ಆಡುವ ನಾಲ್ಕು ಮಾತು, ನಮ್ಮ ದಾಳಗಳಿಂದ ಕಲಿತ ಸಂಖ್ಯೆಗಳು, ಇಷ್ಟು ಅವನ ಕನ್ನಡ. ಬಾಲ್ಕನಿಯಲ್ಲಿ ನಿಂತಿದ್ದವನನ್ನು ಕೇಳಿದರೆ ನೆಲ ನೋಡುತ್ತ ಹೇಳಿದ: "ಮಾಮಾ, ನಂಗೆ ಇಪ್ಪತ್ತಾರೇ ಇರೋದು. ಮಾತಾಡಿದ್ರೆ ಸಾಯ್ತೀನಿ."

ಅರವತ್ತೇಳರಲ್ಲಿ ಮಧ್ಯಾಹ್ನಕ್ಕೆ ಹತ್ತು ಹನ್ನೆರಡು ಹೋದರೆ ಕಲ್ಲಪ್ಪನಿಗೆ ಅದು ಲೆಕ್ಕಕ್ಕಿರಲಿಲ್ಲ. ಜೊತೆಗೆ, ಹಳೆಯ ಆಟದಲ್ಲಿ ಅವನು ಬಾಯಿ ತೆರೆಯಬೇಕಾದದ್ದೇ ಅಪರೂಪ. ನಾವು ಬರಡೆಂದು ಹಳಿದ ಆ ಅಂಕಿಗಳ ಮರೆಯಲ್ಲಿ ಹುಡುಗನೊಬ್ಬ ಎರಡು ವರ್ಷ ನೆಮ್ಮದಿಯಾಗಿ ಕುಳಿತಿದ್ದ.

ಜೂನ್ ತಿಂಗಳ ಭಾನುವಾರ ಆಟವಿಲ್ಲದೆ ವಾದದಲ್ಲೇ ಮುಗಿಯಿತು. ಹುಡುಗನ ತಾಯಿ ಹಳೆಯ ಆಟಕ್ಕೇ ಮರಳೋಣವೆಂದರು. ರಾಯರ ಮಗಳು ಆಟ ಇರಲಿ, ದಂಡ ಹೋಗಲಿ ಎಂದಳು. ರಾಯರು ಸಿಡಿದರು. ಎರಡು ಆಟದಲ್ಲಿ ಯಾವುದಾದರೂ ಆದೀತು, ದಂಡ ತೆಗೆದರೆ ಎರಡೇ ತಿಂಗಳಲ್ಲಿ ಈ ಮೇಜೂ ನಮ್ಮ ಮನೆಗಳಂತೆಯೇ ಆಗುತ್ತದೆ, ಮೊದಲು ಒಂದು ಪದ, ಆಮೇಲೆ ವಾಕ್ಯ, ಆಮೇಲೆ ನಾವೇ ಹಿಂದಿಯಲ್ಲಿ ಉತ್ತರ ಕೊಡುತ್ತಿರುತ್ತೇವೆ ಎಂದರು. ಅವರ ಮಾತು ಸುಳ್ಳೆನ್ನಲು ನಮ್ಮಲ್ಲಿ ಯಾರಿಗೂ ಮುಖವಿರಲಿಲ್ಲ. ನಮ್ಮೆಲ್ಲರ ಮನೆಗಳಲ್ಲೂ ಅದು ಹಾಗೆಯೇ ನಡೆದಿದೆ. ಆದರೂ ಹೊಸ ಆಟಕ್ಕೆ ಹೋಗುವುದೆಂದೂ ದಂಡವನ್ನು ಕೈಬಿಡುವುದೆಂದೂ ತೀರ್ಮಾನಿಸಿದೆವು. ಹಿರಿಯರು ಕನ್ನಡವನ್ನೇ ಆಡಬೇಕು. ಮಕ್ಕಳು ಬಂದದ್ದನ್ನು ಆಡಲಿ. ಕಡತದಲ್ಲಿ ಬರೆಯುವಂತೆ ತಮ್ಮ ಭಿನ್ನಾಭಿಪ್ರಾಯವನ್ನು ದಾಖಲಿಸಬೇಕೆಂದು ರಾಯರು ಪಟ್ಟು ಹಿಡಿದರು. ದಾಖಲಿಸಿದ್ದೇವೆ.

ಜುಲೈಯಲ್ಲಿ ಮೊದಲು ಹುಡುಗನತ್ತಲೇ ತಿರುಗಿದೆವು. ಡಂಜನ್ ವರ್ಲ್ಡಿನಲ್ಲಿ ಪ್ರತಿ ಯೋಧನಿಗೂ ತನ್ನದೇ ಎಂಬ ಒಂದು ಆಯುಧವಿರುತ್ತದೆ. ಅದು ಹೇಗಿದೆಯೆಂದು ಅವನೇ ಹೇಳಬೇಕು. ಬಹಳ ಹೊತ್ತು ಯೋಚಿಸಿ, "ಯೇ ಹಥೌಡಾ ಅಜ್ಜನದು" ಎಂದ. "ಅಜ್ಜ ಜಾಸ್ತಿ ಮಾತಾಡಲ್ಲ. ಯೇ ಭೀ ಆವಾಜ಼್ ನಹೀ ಕರ್ತಾ." ಸದ್ದು ಮಾಡದ ಸುತ್ತಿಗೆ. ಸುತ್ತಿಗೆ ಎಂಬ ಪದವನ್ನು ಪಕ್ಕದಲ್ಲಿದ್ದ ಹುಡುಗಿ ಮೆಲ್ಲನೆ ಹೇಳಿಕೊಟ್ಟಳು. ಗವಿಯ ಬಾಗಿಲಲ್ಲಿ ಕಾವಲಿದ್ದವನ ಹಿಂದೆ ಕಲ್ಲಪ್ಪ ಆ ಸುತ್ತಿಗೆ ಹಿಡಿದು ಹೇಗೆ ನಿಂತ, ಉಸಿರು ಹೇಗೆ ಬಿಗಿಹಿಡಿದ ಎಂಬುದನ್ನೆಲ್ಲ ಎರಡು ಭಾಷೆಗಳಲ್ಲಿ ಎಡವುತ್ತ ಹೇಳಿ, ಕೊನೆಗೆ ದಾಳ ಹಾಕಿದ. ಎಂಟು ಬಿತ್ತು. ಅವನ ಪೆಟ್ಟು ತಗಲಿತು, ತಿರುಗಿ ಅವನಿಗೂ ತಗಲಿತು. ಇಪ್ಪತ್ತಾರನ್ನು ಅಳಿಸಿ ಇಪ್ಪತ್ತೊಂದು ಎಂದು ಬರೆದುಕೊಂಡ.

ರಾಯರು ಆವತ್ತು ಬಂದಿರಲಿಲ್ಲ. ಕಚೇರಿಯ ಕೆಲಸವೆಂದು ಮಗಳು ಹೇಳಿದಳು, ಭಾನುವಾರವಾದ್ದರಿಂದ ನಾವು ಹೆಚ್ಚು ಕೇಳಲಿಲ್ಲ. ಆಗಸ್ಟಿನ ಚುರುಮುರಿ ಅವರ ಮನೆಯ ಸರದಿ.