ಅಪ್ಪನವರ ಅಂಬಾಸಿಡರ್ ಮತ್ತು ದೆಹಲಿಯ ದಾರಿ

ಬೈಲಹೊಂಗಲ, ಕಿತ್ತೂರು ಸೀಮೆಯ ಮನೆತನಗಳಿಗೆ ದೂರಪ್ರಯಾಣದ ಸಿದ್ಧತೆ ಎಂಬುದು ಹೊಸ ವಿದ್ಯೆಯೇನೂ ಅಲ್ಲ. ಭಾರತ ಹುಣ್ಣಿಮೆಗೆ ಉಳವಿಯ ಚನ್ನಬಸವೇಶ್ವರರ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೊರಡುವವರು ಎಷ್ಟೋ ದಿನ ಮೊದಲೇ ಎತ್ತುಗಳಿಗೆ ಲಾಳ ಕಟ್ಟಿಸಿ, ಅಚ್ಚಿಗೆ ಎಣ್ಣೆ ಹಾಕಿಸಿ, ಮೇವು, ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿಗಳನ್ನು ಹೊಂದಿಸಿಕೊಳ್ಳುತ್ತಾರೆ. ಯೌವನದಲ್ಲಿ ಹಲವು ಸಲ ಹಾಗೆ ದಾಂಡೇಲಿಯ ಕಾಡು ದಾಟಿ ಹೋಗಿಬಂದಿದ್ದ ನಮ್ಮ ತಂದೆಯವರು, ದಿನಕ್ಕೆ ಎಷ್ಟು ದಾರಿ ಸಾಗಬೇಕೆಂಬುದನ್ನು ನಿರ್ಧರಿಸುವುದು ಜೋಡಿಯ ದಣಿದ ಎತ್ತೇ ಹೊರತು ಗಟ್ಟಿ ಎತ್ತಲ್ಲ ಎಂದು ಹೇಳುತ್ತಿದ್ದರು. ಈ ಮಾತನ್ನು ಒಂದು ಮೋಟಾರು ಗಾಡಿಗೆ ಅನ್ವಯಿಸಬೇಕಾದ ಪ್ರಸಂಗ ಈ ವರುಷ ನಮ್ಮ ಮನೆಗೆ ಒದಗಿತು.

ಕಳೆದ ಶ್ರಾವಣದಲ್ಲಿ ತಂದೆಯವರು ಲಿಂಗೈಕ್ಯರಾದರು. ಅರಳೆಯ ಅಡತಿ ಅಂಗಡಿ ನಡೆಸುತ್ತಿದ್ದ ಅಜ್ಜನವರು 1960ರಲ್ಲಿ ಕೊಂಡು, ಬಳಿಕ ತಂದೆಯವರ ಕೈಗೆ ಬಂದ ಅಂಬಾಸಿಡರ್ ಕಾರು ಬೈಲಹೊಂಗಲದ ನಮ್ಮ ಮನೆಯ ತಗಡಿನ ಶೆಡ್ಡಿನಲ್ಲಿ ನಿಂತಿದೆ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನೇ ಹಿಡಿದು ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್‌ನವರು ಈ ಕಾರನ್ನು ತಯಾರಿಸಿದರು. 2014ರ ಮೇ ತಿಂಗಳಲ್ಲಿ ಅಲ್ಲಿಯ ಉತ್ಪಾದನೆ ನಿಂತಿತು. ಪೆಟ್ರೋಲು ದುಬಾರಿಯಾದಾಗ ಎಷ್ಟೋ ಮಂದಿ ಇಂಥ ಗಾಡಿಗಳಿಗೆ ಡೀಸೆಲ್ ಇಂಜಿನ್ ಕೂಡಿಸಿದರು. ತಂದೆಯವರು ಒಪ್ಪಲಿಲ್ಲ. ಅದೇ 1489 ಸಿ.ಸಿ.ಯ ಪೆಟ್ರೋಲ್ ಇಂಜಿನ್, ಸ್ಟೇರಿಂಗಿನ ಕೆಳಗಿನ ಅದೇ ಗೇರಿನ ಹಿಡಿಕೆ ಇಂದಿಗೂ ಇವೆ.

ಪುಣೆಯಲ್ಲಿ ನೌಕರಿ ಮಾಡುವ ನಮ್ಮ ಅಣ್ಣನವರ ಮಗ ಒಂದು ದಿನ ಬಂದು, "ಕಾಕಾ, ಅಜ್ಜಾವ್ರ ಗಾಡಿ ದಿಲ್ಲಿ ರ್‍ಯಾಲಿಗೆ ಒಯ್ಯೂಣು" ಎಂದ. 'ದಿ ಸ್ಟೇಟ್ಸ್‌ಮನ್' ಪತ್ರಿಕೆಯವರು 1964ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಹಳೆಯ ಕಾರುಗಳ ಮೇಳವದು. ಸಂಸ್ಥಾನಿಕರ ಗಾಡಿಗಳಷ್ಟೇ ಅಲ್ಲ, ರೈಲ್ವೆ ವಸ್ತುಸಂಗ್ರಹಾಲಯದ 1914ರ ಜಾನ್ ಮೋರಿಸ್ ಅಗ್ನಿಶಾಮಕ ಬಂಡಿಯೂ ಅದರಲ್ಲಿ ಓಡಿದೆ. ಅಲ್ಲಿ ಯಾರು ಮುಂದೆ ಹೋದರೆಂಬುದಕ್ಕಿಂತ ಗಾಡಿ ಎಷ್ಟು ಮೂಲರೂಪದಲ್ಲಿದೆ ಎಂಬುದಕ್ಕೆ ಬೆಲೆ ಹೆಚ್ಚು. ತಂದೆಯವರಿಗೂ ಅದನ್ನು ನೋಡುವ ಆಸೆಯಿತ್ತು.

ದಾರಿಯೇನೋ ಸರಳ. ಕಿತ್ತೂರಿನ ಬಳಿ ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯೇ ಬೆಳಗಾವಿ, ಪುಣೆ, ಸೂರತ, ಅಹಮದಾಬಾದ, ಉದಯಪುರ, ಜೈಪುರಗಳ ಮೇಲೆ ದೆಹಲಿ ಮುಟ್ಟುತ್ತದೆ. ಒಟ್ಟು ಸುಮಾರು 1,900 ಕಿ.ಮೀ. ಹುಡುಗ ನಾಲ್ಕು ದಿನವೆಂದು ಲೆಕ್ಕ ಹಾಕಿದ್ದ. ನಾನು ಹತ್ತು ದಿನ ಮಾಡಿಸಿದೆ. ತಾಸಿಗೆ ಐವತ್ತರ ಮೇಲೆ ಹೋಗಕೂಡದು, ಬಿಸಿಲು ಏರಿದ ಮೇಲೆ ಓಡಿಸಕೂಡದು, ಖಂಡಾಲಾ ಘಾಟಿನ ಇಳಿಜಾರಿನಲ್ಲಿ ಹಳೆಯ ಡ್ರಮ್ ಬ್ರೇಕು ಕಾಯದಂತೆ ಕೆಳಗಿನ ಗೇರಿನಲ್ಲೇ ಇಳಿಯಬೇಕು. ಮೊದಲ ವಸ್ತಿ ಕೊಲ್ಹಾಪುರ, ಎರಡನೆಯದು ಪುಣೆ.

ಇಂಧನದ ಚಿಂತೆ ಬೇರೆ. 2025ರ ಹೊತ್ತಿಗೆ ದೇಶದ ಪಂಪುಗಳಲ್ಲಿ ಶೇಕಡಾ 20ರಷ್ಟು ಇಥೆನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. ಹಳೆಯ ಗಾಡಿಯ ರಬ್ಬರು ಕೊಳವೆ, ಪಂಪಿನೊಳಗಿನ ಪರದೆಗಳಿಗೆ ಅದು ಒಗ್ಗುವುದಿಲ್ಲ. ಇಥೆನಾಲ್ ಬರುವುದು ಕಬ್ಬಿನಿಂದಲೂ ಹೌದು. ನಮ್ಮ ಜಿಲ್ಲೆಯ ಕಬ್ಬೇ ನಮ್ಮ ಗಾಡಿಯ ನಳಿಕೆ ತಿನ್ನುವುದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದು. ನಮ್ಮೂರ ಮಿಸ್ತ್ರಿ ಎಲ್ಲ ಕೊಳವೆಗಳನ್ನೂ ಬದಲಿಸಿದರು.

ಆದರೆ ನಿಜವಾದ ಘಾಟು ಎದುರಾದದ್ದು ಕಾಗದಪತ್ರಗಳಲ್ಲಿ. ಗಾಡಿ ಇನ್ನೂ ತಂದೆಯವರ ಹೆಸರಿನಲ್ಲಿದೆ. ಒಡೆಯರು ತೀರಿಕೊಂಡ ಮೂರು ತಿಂಗಳೊಳಗೆ ವಾರಸುದಾರರು 31ನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕು; ಉಳಿದ ವಾರಸುದಾರರ ಒಪ್ಪಿಗೆಯೂ ಬೇಕು. ಅಂದರೆ ಅವ್ವ, ರಾಮದುರ್ಗದ ಅಣ್ಣನವರು, ಸವದತ್ತಿಗೆ ಕೊಟ್ಟ ಅಕ್ಕ ಮತ್ತು ನಾನು ಒಂದೇ ಕಾಗದದ ಮೇಲೆ ಸೇರಬೇಕು. 1998ರಲ್ಲಿ ಹೊಲ, ಅಂಗಡಿ ಪಾಲಾದಾಗ ಹಿರಿಯರು ಗಾಡಿಯನ್ನು ಪಾಲಿಗೆ ಹಿಡಿದಿರಲಿಲ್ಲ. ಅಂದಿನಿಂದ ಅಣ್ಣನವರು ಕಾರ್ಯಗಳಿಗೆ ಬಂದುಹೋಗುವರೇ ಹೊರತು ನಮ್ಮ ಮನೆಯಲ್ಲಿ ಒಂದು ರಾತ್ರಿ ತಂಗಿದವರಲ್ಲ. ಜಗಳವೆಂಬುದು ಇರಲಿಲ್ಲ, ಮಾತೂ ಇರಲಿಲ್ಲ. ಇಂಥ ಮನೆಗಳನ್ನು ಓದುಗರೂ ಕಂಡಿರಬಹುದು.

ಎರಡನೆಯ ತೊಡಕು ಇದಕ್ಕಿಂತ ಕಠಿಣವಾದುದು. ದೆಹಲಿ ಸೀಮೆಯಲ್ಲಿ 15 ವರುಷ ಮೀರಿದ ಪೆಟ್ರೋಲ್ ಗಾಡಿಗಳು ಓಡಕೂಡದೆಂಬ ಹಸಿರು ನ್ಯಾಯಮಂಡಳಿಯ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಎತ್ತಿಹಿಡಿಯಿತು; 2025ರಲ್ಲಿ ಆ ವಿಷಯ ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂದಿತು. ಸಾಮಾನ್ಯ ನೋಂದಣಿಯ ನಮ್ಮ ಗಾಡಿಯನ್ನು ಅಲ್ಲಿಗೆ ಒಯ್ಯುವ ಧೈರ್ಯ ಯಾರಿಗೆ? ಉಳಿದದ್ದು 2021ರ ಜುಲೈನಲ್ಲಿ ಕೇಂದ್ರ ಸರಕಾರ ತಂದ ವಿಂಟೇಜ್ ನೋಂದಣಿ. 50 ವರುಷ ಮೀರಿ, ಚಾಸಿ, ಮೈಕಟ್ಟು, ಇಂಜಿನ್ ಬದಲಾಗದೆ ಉಳಿದ ಗಾಡಿಗೆ ಅದು ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರುಷದ ಅವಧಿ. ಮೊದಲೇ ನೋಂದಣಿಯಾದ ಗಾಡಿಗೆ ಹಳೆಯ ಸಂಖ್ಯೆಯೇ ಉಳಿಯುತ್ತದೆ. ಡೀಸೆಲ್ ಇಂಜಿನ್ ಬೇಡವೆಂದ ತಂದೆಯವರ ಹಟ ಈಗ ಉಪಯೋಗಕ್ಕೆ ಬಂತು. ಆದರೆ ಅದೇ ನಿಯಮದ ಇನ್ನೊಂದು ಸಾಲು ಹೀಗಿದೆ: ಅಂಥ ಗಾಡಿಯನ್ನು ದಿನಬಳಕೆಗೆ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಅವುಗಳಿಗೆ ಹೋಗಿಬರುವುದು, ಸಂಶೋಧನೆ, ಇಂಧನ, ದುರಸ್ತಿ, ಇಷ್ಟಕ್ಕೆ ಮಾತ್ರ ಅನುಮತಿ.

ಇದನ್ನು ಓದಿ ಹೇಳಿದಾಗ ಅವ್ವ ಬಹಳ ಹೊತ್ತು ಸುಮ್ಮನಿದ್ದರು. ಎಂಬತ್ತೆರಡರ ಅವ್ವನಿಗೆ ಆ ಗಾಡಿಯೆಂದರೆ ಸೊಗಲದ ಸೋಮೇಶ್ವರ, ಮಗಳ ಮನೆ, ಕಿತ್ತೂರಿನ ತವರು. "ನೋಡಾಕ ಜನಾ ಬರ್ತಾರ ಅಂತೀರಿ, ನಾ ಹತ್ತಾಕ ಬರಂಗಿಲ್ಲ ಅಂತೀರಿ. ಇದೆಂಥಾ ಮರ್ಯಾದಿ ಗಾಡಿಗೆ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ನಿಯಮ ಮಾಡಿದವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ನಡೆಯುವ ವಸ್ತುವನ್ನು ಪೂಜೆಯ ಕೋಣೆಯಲ್ಲಿಟ್ಟಂತೆ ಇಡುವುದು ಅದನ್ನು ಉಳಿಸುವ ಬಗೆಯೇ ಎಂಬ ಸಂದೇಹ ನನಗೆ ಇಂದಿಗೂ ಇದೆ. ಅಣ್ಣನವರು ಫೋನಿನಲ್ಲಿ ಒಂದೇ ಮಾತು ಹೇಳಿದರು: "ತಮ್ಮಾ, ಅಪ್ಪಾವ್ರ ಗಾಡಿ ಲಾರ್‍ಯಾಗ ಹೇರಿಕೊಂಡು ಒಯ್ಯೂದಾದ್ರ ನಾ ಸಹಿ ಮಾಡಂಗಿಲ್ಲ. ತನ್ನ ಗಾಲಿ ಮ್ಯಾಲ ಹೋಗಬೇಕು."

ಆಗ ಅಕ್ಕ ಒಂದು ದಾರಿ ತೋರಿಸಿದರು. ಸಹಿ ಬೀಳುವ ಮೊದಲು ಗಾಡಿ ಅವ್ವನನ್ನು ಕೂಡ್ರಿಸಿಕೊಂಡು ಎಲ್ಲರ ಮನೆಗೂ ಒಮ್ಮೆ ಬರಲಿ. ದೆಹಲಿಗೆ ತಾಳುವುದೋ ಇಲ್ಲವೋ ಅದೂ ತಿಳಿಯುವುದು. ಸವದತ್ತಿ, ರಾಮದುರ್ಗ, ಯರಗಟ್ಟಿ, ಮುರಗೋಡ ಮಾರ್ಗವಾಗಿ ಬೈಲಹೊಂಗಲ, ಮರುದಿನ ಕಿತ್ತೂರು ಎಂದು ಗೊತ್ತಾಯಿತು.

ಕಾರ್ತೀಕದ ಒಂದು ನಸುಕಿನಲ್ಲಿ ಹೊರಟೆವು. ಸವದತ್ತಿಯವರೆಗೆ ತೊಂದರೆಯಾಗಲಿಲ್ಲ. ಎಲ್ಲಮ್ಮನ ಗುಡ್ಡದ ಏರನ್ನು ಹತ್ತಿಸಿ ನೋಡಬೇಕೆಂದು ಮಿಸ್ತ್ರಿಯವರು ಮೊದಲೇ ಹೇಳಿದ್ದರು. ಅರ್ಧ ಏರುವಷ್ಟರಲ್ಲಿ ಮುಳ್ಳು ಕೆಂಪಿಗೆ ಹೋಯಿತು. ನಿಲ್ಲಿಸಿ, ಬಾನೆಟ್ಟು ತೆರೆದು, ರೇಡಿಯೇಟರಿನ ಮುಚ್ಚಳ ಮುಟ್ಟದೆ ಮುಕ್ಕಾಲು ತಾಸು ಕಾದೆವು. ಅವ್ವ ಬುತ್ತಿ ಬಿಚ್ಚಿದರು. ಜೊತೆಗಿದ್ದ ಮಿಸ್ತ್ರಿಯವರು ತಪಾಸಿಸಿ, ರೇಡಿಯೇಟರಿನ ನಳಿಕೆಗಳು ಕೆಸರು ಕಟ್ಟಿವೆ, ಪೂರ್ತಿ ಬಿಚ್ಚಿ ತೊಳೆಸಬೇಕು, ಫ್ಯಾನಿನ ಬೆಲ್ಟೂ ಸಡಿಲವಿದೆ ಎಂದರು. ಇಲ್ಲಿ ತಿಳಿದದ್ದು ಒಳಿತಾಯಿತು. ತವಂದಿ ಘಾಟಿನಲ್ಲಿ ಲಾರಿಗಳ ಸಾಲಿನ ನಡುವೆ ತಿಳಿದಿದ್ದರೆ ಕಷ್ಟವಿತ್ತು.

ರಾಮದುರ್ಗ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಹಾರ್ನಿನ ಸದ್ದಿಗೇ ಅಣ್ಣನವರು ನೂಲಿನ ಅಂಗಡಿಯಿಂದ ಎದ್ದು ಬಂದರು. ವೈನಿ ಅವ್ವನ ಕೈ ಹಿಡಿದು ಇಳಿಸಿಕೊಂಡರು. ಅಣ್ಣನವರು ನನ್ನನ್ನು ಮಾತಾಡಿಸುವ ಮೊದಲು ಗಾಡಿಯ ಸುತ್ತ ಒಮ್ಮೆ ತಿರುಗಿ, ಚಾಲಕನ ಬಾಗಿಲನ್ನು ಎತ್ತಿ ಒತ್ತಿ ಮುಚ್ಚಿದರು. ಆ ಬಾಗಿಲು ಹಾಗೆಯೇ ಮುಚ್ಚಬೇಕೆಂಬುದು ನಮ್ಮ ಮನೆಯವರಿಗಷ್ಟೇ ಗೊತ್ತು. ಗಾಡಿ ಅವ್ವನ ಹೆಸರಿಗೆ ಆಗಲೆಂದು ಅವರೇ ಹೇಳಿದರು. ಆ ರಾತ್ರಿ ನಾವು ಅಲ್ಲಿಯೇ ತಂಗಿದೆವು. ಮರುದಿನ ರಾಮದುರ್ಗದಿಂದ ಬೈಲಹೊಂಗಲದವರೆಗೆ ಗಾಡಿ ನಡೆಸಿದವರು ಅಣ್ಣನವರು. ಆ ರಾತ್ರಿ ಅವರು ನಮ್ಮಲ್ಲಿಯೇ ಉಳಿದರು.

ಕಿತ್ತೂರಿನ ತವರಿನಲ್ಲಿ ಅವ್ವ ತಮ್ಮ ಕರಾರು ಹೇಳಿದರು. ವಿಂಟೇಜ್ ಅರ್ಜಿಗೆ ಸಹಿ ಮಾಡುವೆ, ಆದರೆ "ಓಡೂ ದಿನಾ ನಾ ಒಳಗ ಇರಬೇಕು. ದಿಲ್ಲಿಗೆ ನಾನೂ ಬರ್ತೀನಿ." ಹುಡುಗ ನನ್ನ ಮುಖ ನೋಡಿದ, ನಾನು ಅಣ್ಣನವರ ಮುಖ ನೋಡಿದೆ. ಯಾರೂ ಬೇಡವೆನ್ನಲಿಲ್ಲ.

31ನೆಯ ನಮೂನೆಯ ಅರ್ಜಿ ಅವಧಿಯೊಳಗೆ ಸಲ್ಲಿಕೆಯಾಯಿತು. ಹೆಸರು ಬದಲಾಗಿ ಬಂದ ಬಳಿಕ ವಿಂಟೇಜ್ ಅರ್ಜಿ. ರೇಡಿಯೇಟರು ಹುಬ್ಬಳ್ಳಿಗೆ ಹೋಗಿದೆ. ಈ ಸಲ ಸಿಕ್ಕ ಲೆಕ್ಕದಂತೆ ಗಾಡಿ ಲೀಟರಿಗೆ ಒಂಬತ್ತು ಕಿ.ಮೀ. ಕೊಡುತ್ತದೆ, ಹೋಗುವ ದಾರಿಗೇ 210 ಲೀಟರಿನ ಮೇಲೆ ಬೇಕು. ಹತ್ತು ದಿನದ ಪಟ್ಟಿಯನ್ನು ಹರಿದು ಹಾಕಿ ಹದಿಮೂರು ದಿನದ ಪಟ್ಟಿ ಬರೆದಿದ್ದೇವೆ. ಮೊದಲ ನಿಲುಗಡೆ ಎಂ.ಕೆ. ಹುಬ್ಬಳ್ಳಿ. ಅಲ್ಲಿ ಮಲಪ್ರಭೆಯ ಗಂಗಾಂಬಿಕೆಯ ಐಕ್ಯಸ್ಥಳದಲ್ಲಿ ಅವ್ವ ಇಳಿಯಲೇಬೇಕಂತೆ. ಪುಣೆಯಲ್ಲಿ ಎರಡು ರಾತ್ರಿ. ಘಾಟುಗಳಲ್ಲೆಲ್ಲ ಚಾಲಕರ ಜಾಗದಲ್ಲಿ ಅಣ್ಣನವರು ತಮ್ಮ ಹೆಸರನ್ನು ತಾವೇ ಬರೆದುಕೊಂಡಿದ್ದಾರೆ. ಬಯಲಿನ ದಾರಿ ನನಗೆ ಬಿಟ್ಟಿದ್ದಾರೆ.