ಎರಡು ಕೆ.ಜಿ. ನಾಯಿ

೧
ಗೇಟಿನ ಮೇಲೆ ಬೋರ್ಡು: ‘ನಾಯಿ ಇದೆ, ಎಚ್ಚರಿಕೆ’. ಒಳಗಿರುವುದು ಚಿವಾವಾ. ತೂಕ ಎರಡು ಕೆ.ಜಿ. ಅದೇ ಮನೆಯ ಮಗು ಹನ್ನೆರಡು ಕೆ.ಜಿ. ಮಗುವಿನ ಬಗ್ಗೆ ಬೋರ್ಡಿಲ್ಲ.

೨
ಮೆಕ್ಸಿಕೋದ ಒಂದು ರಾಜ್ಯದ ಹೆಸರು ಈ ತಳಿಗೆ. ಅಮೆರಿಕನ್ ಕೆನಲ್ ಕ್ಲಬ್ಬಿನ ಪ್ರಕಾರ ಆರು ಪೌಂಡ್, ಅಂದರೆ ಸುಮಾರು 2.7 ಕೆ.ಜಿ. ದಾಟಬಾರದು. ಅದಕ್ಕೂ ಚಿಕ್ಕದನ್ನು ‘ಟೀಕಪ್’ ಎಂದು ಮಾರುತ್ತಾರೆ. ಕ್ಲಬ್ಬಿನ ಪಟ್ಟಿಯಲ್ಲಿ ಟೀಕಪ್ ಎಂಬ ತಳಿಯೇ ಇಲ್ಲ.

೩
ಕೂಸಿನ ನೆತ್ತಿಗೆ ಅಜ್ಜಿ ಹರಳೆಣ್ಣೆ ಒತ್ತುತ್ತಾರೆ. ನೆತ್ತಿ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಕೂಡಿಕೊಳ್ಳುತ್ತದೆ. ಎಷ್ಟೋ ಚಿವಾವಾಗಳಿಗೆ ಅದು ಕೊನೆಯವರೆಗೂ ಕೂಡುವುದಿಲ್ಲ. ಬೆರಳಿಟ್ಟರೆ ಮೆತ್ತಗೆ ಸಿಗುತ್ತದೆ.

೪
ಮುಂಗಾಲಿನ ಮೂಳೆ ಪೆನ್ಸಿಲ್ಲಿನಷ್ಟು. ಸೋಫಾದಿಂದ ಹಾರಿದರೂ ಮುರಿಯಬಹುದು. ಮಣಿಕಟ್ಟಿನ ಹತ್ತಿರ ಮುರಿದರೆ ಕೂಡುವುದು ನಿಧಾನ. ಪುಟ್ಟ ತಳಿಗಳಿಗೆ ಅಲ್ಲಿ ರಕ್ತದ ಓಡಾಟ ಕಡಿಮೆ. ಮಗುವಿನ ಕೈಯಿಂದ ಜಾರಿ ಬಿದ್ದವೂ ಪಶುವೈದ್ಯರ ಬಳಿಗೆ ಬರುತ್ತವೆ.

೫
ಮನೆಯ ಕಾನೂನು: ನಾಯಿ ಬೇಕೆಂದರೆ ನೆಲದ ಮೇಲೆ ಕೂರಬೇಕು. ನಿಂತವರಿಗೆ ನಾಯಿ ಕೊಡುವುದಿಲ್ಲ. ನೆಂಟರಿಗೂ ಇದೇ. ರೇಷ್ಮೆ ಸೀರೆಯ ಅತ್ತೆಯೊಬ್ಬರು ಚಕ್ಕಳಮಕ್ಕಳ ಹಾಕಿ ಕೂತು ಕೈಚಾಚಿದರು. ನಾಯಿ ಬರಲಿಲ್ಲ.

೬
ಮಗು ಅಡುಗೆಮನೆಗೆ ಹೋಗದಂತೆ ಹಾಕಿಸಿದ ಅಡ್ಡಗೇಟು ಈಗ ನಾಯಿಯನ್ನು ಮಗುವಿನಿಂದ ಬೇರೆ ಇಡುತ್ತದೆ. ಸರಳುಗಳ ನಡುವೆ ನಾಯಿ ಸಲೀಸಾಗಿ ನುಸುಳುತ್ತದೆ. ಗೇಟು ಹಾಕಿಯೇ ಇದೆ.

೭
“ಪುಟ್ಟಾ, ಅದು ನಿನ್ ತಮ್ಮ ಅಲ್ವಾ, ಮೆತ್ತಗೆ ಮುಟ್ಟು.” ತಮ್ಮನಿಗೆ ಆರು ವರ್ಷ. ಅಣ್ಣನಿಗೆ ಎರಡು.

೮
ನಾಯಿ ಆಕಳಿಸಿತು. ತುಟಿ ನೆಕ್ಕಿಕೊಂಡಿತು. ಮುಖ ಆ ಕಡೆ ತಿರುಗಿಸಿತು. ತರಬೇತುದಾರರ ಪ್ರಕಾರ ಇವು ‘ಸಾಕು, ಬಿಡು’ ಎನ್ನುವ ರೀತಿ. ಅದಕ್ಕೆ ನಿದ್ದೆ ಬಂದಿದೆ ಎಂದುಕೊಂಡ ಮಗು ಇನ್ನಷ್ಟು ಅಪ್ಪಿಕೊಂಡಿತು. ಆಗ ಗುರ್ ಅಂದಿತು. ಎಲ್ಲರೂ ಸೇರಿ ನಾಯಿಗೆ ಬೈದರು. ಹಾಗೆ ಬೈಸಿಕೊಂಡ ನಾಯಿ ಮುಂದಿನ ಸಲ ಗುರ್ ಎನ್ನದೆ ನೇರ ಕಚ್ಚಬಹುದಂತೆ.

೯
ಹಲ್ಲು ಅಕ್ಕಿಕಾಳಿನಷ್ಟಿದ್ದರೂ ಗಾಯಕ್ಕೆ ನಿಯಮ ಒಂದೇ: ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ, ಆಮೇಲೆ ಆಸ್ಪತ್ರೆ.

೧೦
ಪಾಯಸದ ದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ಈರುಳ್ಳಿ, ಚಾಕೊಲೇಟ್ ಕೂಡ ಆಗದು. ಮಗು ಉಣ್ಣುವಾಗ ಅರ್ಧ ನೆಲಕ್ಕೇ ಬೀಳುತ್ತದೆ. ನಾಯಿ ಕಾಯುವುದೂ ಅಲ್ಲೇ. ಹಬ್ಬದ ದಿನ ಅದನ್ನು ರೂಮಿಗೆ ಹಾಕಿ ಚಿಲಕ.

೧೧
ಗಿನ್ನೆಸ್‌ನವರು 2023ರಲ್ಲಿ ಬದುಕಿರುವ ಅತಿ ಕುಳ್ಳ ನಾಯಿ ಎಂದದ್ದು ಫ್ಲೋರಿಡಾದ ಚಿವಾವಾ ಪರ್ಲ್‌ಳನ್ನು. ಎತ್ತರ 9.14 ಸೆಂ.ಮೀ. ಊಟದ ಲೋಟಕ್ಕಿಂತ ಗಿಡ್ಡ.

೧೨
ಪಾರ್ಕಿಗೆ ಹೊರಟರು. ಮಗು ನಡೆಯುತ್ತದೆ, ನಾಯಿ ಅಮ್ಮನ ಸೊಂಟದ ಮೇಲೆ.

೧೩
ಮರಿ ಮಾರುವವರಲ್ಲಿ ಕೆಲವರು ಮೊದಲೇ ಕೇಳುತ್ತಾರೆ: ಮನೇಲಿ ಚಿಕ್ಕ ಮಕ್ಕಳಿದ್ದಾರಾ? ಹೌದು ಎಂದರೆ ಕೊಡುವುದಿಲ್ಲ. ಮಗುವಿಗೆ ಮೈ ಕೆರೆತ ಎಂದು ಹೋದರೆ ಡಾಕ್ಟರೂ ಕೇಳುತ್ತಾರೆ: ಮನೇಲಿ ನಾಯಿ ಇದೆಯಾ?