ಹಗೆಯ ಮನೆಯ ಗಂಜಿ

ಯುದ್ಧದ ಪುಸ್ತಕಗಳನ್ನು ಮನೆಮಂದಿಯೆಲ್ಲ ಕುಳಿತು ಓದುವುದು ವಾಡಿಕೆಯಲ್ಲ. ನಮ್ಮ ಮನೆಯಲ್ಲಿಯೂ ಆ ವಾಡಿಕೆ ಇರಲಿಲ್ಲ. ಕಳೆದ ಮಳೆಗಾಲದಲ್ಲಿ ಮಾತ್ರ, ಹೊರಗೆ ಕಾಲಿಡಲಾಗದ ಕೆಲವು ಸಂಜೆಗಳಲ್ಲಿ, ಇಟಲಿ ದೇಶದ ಸೈನಿಕನೊಬ್ಬನು ಬರೆದ ಸ್ವಾನುಭವದ ಕಥೆಯನ್ನು ಇಂಗ್ಲಿಷಿನಿಂದ ಕನ್ನಡಿಸುತ್ತ ತಾಯಿಯವರಿಗೂ ಗೃಹಿಣಿಗೂ ಓದಿ ಹೇಳಿದೆವು. ಅದರೊಳಗಿನ ಒಂದು ಪ್ರಸಂಗವು ಅಂದಿನಿಂದ ನಮ್ಮನ್ನು ಬಿಡದಿರುವ ಕಾರಣ, ಅದನ್ನು ವಾಚಕರ ಮುಂದಿಡುತ್ತಿದ್ದೇವೆ.

ಗ್ರಂಥಕರ್ತನು ಮಾರಿಯೊ ರಿಗೋನಿ ಸ್ಟೆರ್ನ್. 1921ರಲ್ಲಿ ಅಸಿಯಾಗೊ ಎಂಬ ಬೆಟ್ಟದೂರಿನಲ್ಲಿ ಹುಟ್ಟಿದವನು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯು ಜರ್ಮನಿಯ ಪಕ್ಷ ವಹಿಸಿದ್ದುದರಿಂದ, ಬೆಟ್ಟಗಾಡಿನ ಯುವಕರ ಆಲ್ಪೀನಿ ದಳದೊಡನೆ ಆತನೂ ರಷ್ಯಾಕ್ಕೆ ಹೋಗಬೇಕಾಯಿತು. 1942ರ ಚಳಿಗಾಲದಲ್ಲಿ ಡಾನ್ ನದಿಯ ದಡದಲ್ಲಿ, ನೆಲದೊಳಗೆ ತೋಡಿದ ಗುಂಡಿಗಳಲ್ಲಿ ಅವರ ವಾಸ. ನದಿಯು ಹೆಪ್ಪುಗಟ್ಟಿತ್ತು, ಆಚೆ ದಡದಲ್ಲಿ ರಷ್ಯದವರು. ಆ ಗುಂಡಿಯೊಳಗೂ ಅವರು ಹಿಟ್ಟನ್ನು ತೊಳಸಿ ತಮ್ಮ ಪೊಲೆಂಟವನ್ನು ಮಾಡಿಕೊಳ್ಳುವರು. ಇದು ನಮ್ಮ ಮುದ್ದೆಯ ದಾಯಾದಿಯೆಂದೇ ಹೇಳಬಹುದು. ಈ ಭಾಗ ಬಂದಾಗ ತಾಯಿಯವರು ಹಿಟ್ಟಿನ ಪ್ರಮಾಣವನ್ನು ವಿಚಾರಿಸಿದರು.

1943ರ ಜನವರಿಯಲ್ಲಿ ರಷ್ಯದ ಸೇನೆಗಳು ಎರಡೂ ಪಕ್ಕಗಳಲ್ಲಿ ಸಾಲನ್ನು ಮುರಿದು ಹಿಂದಿನಿಂದ ಸುತ್ತುವರಿದುವು. 17ರಂದು ಆಲ್ಪೀನಿ ದಳವು ನದಿಯನ್ನು ಬಿಟ್ಟು ಪಡುವಣಕ್ಕೆ ಹೊರಟಿತು. ಶೀತವು ಸೊನ್ನೆಗಿಂತ ಮೂವತ್ತು ಡಿಗ್ರಿಯಷ್ಟು ಕೆಳಗೆ. ಹಿಮದ ಬಯಲಿನಲ್ಲಿ ಹೇಸರಗತ್ತೆಗಳೂ ಜಾರುಬಂಡಿಗಳೂ ದಣಿದ ಜನರೂ ಕೂಡಿದ ಕರಿಯ ಸಾಲು. ಕುಳಿತವನು ಏಳುವುದು ಅಪರೂಪ. ಜ್ವಾನಿನ್ ಎಂಬ ಸಂಗಡಿಗನು ಸಮಯ ಸಿಕ್ಕಾಗಲೆಲ್ಲ ಆತನನ್ನು ಒಂದೇ ಪ್ರಶ್ನೆ ಕೇಳುವನು: ಮನೆ ಸೇರುವೆವೇ ಎಂದು. ಮನೆಯೆಂಬುದಕ್ಕೆ ಅವನು ಬಳಸುವುದು ಬೆಟ್ಟದ ಗುಡಿಸಿಲನ್ನು ಹೇಳುವ ತನ್ನೂರಿನ ಮಾತು. ಅವನು ಸೇರಲಿಲ್ಲ.

ಜನವರಿ 26ರಂದು ನಿಕೊಲಾಯೆವ್ಕ ಎಂಬ ಹಳ್ಳಿಯಲ್ಲಿ ಕಾಳಗವಾಯಿತು. ಅಲ್ಲಿಯ ರೈಲುಹಾದಿಯ ಏರಿಯನ್ನು ದಾಟಿದರೆ ಮಾತ್ರ ಮುಂದಿನ ದಾರಿ. ಗುಂಡುಗಳ ನಡುವೆ ಹಸಿವು ತಾಳಲಾರದೆ ನಮ್ಮ ಸಾರ್ಜೆಂಟನು ಒಂದು ಮನೆಯ ಬಾಗಿಲನ್ನು ತಟ್ಟಿ ಒಳಹೊಕ್ಕನು. ಮೇಜಿನ ಸುತ್ತ ಟೋಪಿಯಲ್ಲಿ ಕೆಂಪು ನಕ್ಷತ್ರವುಳ್ಳ ರಷ್ಯದ ಸೈನಿಕರು! ಕೈಯಲ್ಲಿ ಮರದ ಚಮಚಗಳು; ಒಂದೇ ಪಾತ್ರೆಯಿಂದ ಉಣ್ಣುತ್ತಿದ್ದರು. ಆತನ ಕೈಯಲ್ಲಿ ಬಂದೂಕು. ಹೆಂಗಸರೂ ಮಕ್ಕಳೂ ಪಕ್ಕದಲ್ಲಿದ್ದರು. ಕ್ಷಣಕಾಲ ಯಾರೂ ಅಲುಗಲಿಲ್ಲ. ಬಳಿಕ ಆತನು, ತನಗೆ ತಿಳಿದಿದ್ದ ನಾಲ್ಕು ರಷ್ಯನ್ ಮಾತುಗಳಲ್ಲಿ, ಹಸಿವಾಗಿದೆ ಎಂದನು.

ಒಬ್ಬ ಹೆಂಗಸು ತಟ್ಟೆಯನ್ನು ತೆಗೆದು, ಆ ಪಾತ್ರೆಯಿಂದಲೇ ಹಾಲು ಬೆರೆತ ಬರಗಿನ ಗಂಜಿಯನ್ನು ಸೌಟಿನಿಂದ ಬಡಿಸಿ ಮುಂದೆ ಹಿಡಿದಳು. ಬಂದೂಕನ್ನು ಹೆಗಲಿಗೇರಿಸಿ ಆತನು ಉಂಡನು. ಯಾರೂ ಮಾತಾಡಲಿಲ್ಲ. ಉಂಡು ಕೃತಜ್ಞತೆಯನ್ನು ಹೇಳಿ ಹೊರಡುವಾಗ, ಮುಂಗೋಣೆಯಲ್ಲಿದ್ದ ಜೇನುಗೂಡುಗಳನ್ನು ಕಂಡು, ಸಂಗಡಿಗರಿಗಾಗಿ ಒಂದು ಹುಟ್ಟು ಬೇಕೆಂದು ಸನ್ನೆ ಮಾಡಿದನು. ಅದನ್ನೂ ಆಕೆ ಕೊಟ್ಟಳು. ಆತನು ಹೊರಗೆ ಬಂದು ಮತ್ತೆ ಕಾಳಗಕ್ಕೆ ಸೇರಿದನು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಆ ಸೈನಿಕನು ಕರೆಯದೆ ಬಂದವನು. ಆಕೆಯ ನಾಡನ್ನು ತುಳಿದ ಸೇನೆಯವನು. ಚಳಿಯಲ್ಲಿ ಆತನು ಪಟ್ಟ ಪಾಡನ್ನು ಓದಿ ಮರುಗುವಾಗ ಇದು ಜಾರಿ ಹೋಗುವುದುಂಟು. ನಮ್ಮ ಗೃಹಿಣಿಯು ಮಾತ್ರ ಜಾರಗೊಡಲಿಲ್ಲ. “ಅವಳ ಗಂಡ ಎಲ್ಲಿದ್ದನೋ, ಇದ್ದನೋ ಇಲ್ಲವೋ” ಎಂದಳು. ಗ್ರಂಥದಲ್ಲಿ ಆಕೆಗೆ ಹೆಸರೂ ಇಲ್ಲ. ಬರೆದವನಾದರೂ ತನ್ನ ಪರವಾಗಿ ವಾದಿಸುವುದಿಲ್ಲ. ಆ ಮನೆಯೊಳಗೆ ತನಗೆ ಭಯವಾಗಲಿಲ್ಲವೆನ್ನುತ್ತಾನೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಟಲಿಯು ಯುದ್ಧದಿಂದ ಹಿಂಜರಿದಾಗ ಜರ್ಮನರು ಆತನನ್ನು ಸೆರೆಹಿಡಿದರು. ಸೆರೆಯಲ್ಲಿಯೇ ಈ ಕಥೆಯನ್ನು ಬರೆಯತೊಡಗಿದನು. 1953ರಲ್ಲಿ ಅದು ಅಚ್ಚಾಯಿತು. ಮುಂದೆ ಬಹುಕಾಲ ತನ್ನೂರಿನ ಭೂದಾಖಲೆಯ ಕಚೇರಿಯಲ್ಲಿ ದುಡಿದು, 2008ರಲ್ಲಿ ತೀರಿಕೊಂಡನು.

ಓದು ಮುಗಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹಲವು ವರ್ಷಗಳ ಹಿಂದೆ, ಇಂತಹುದೇ ಮಳೆಯಲ್ಲಿ, ಹೊತ್ತು ಮೀರಿದ ಮೇಲೆ ಯಾರೋ ನಮ್ಮ ಕದವನ್ನು ತಟ್ಟಿದ್ದರು. ಗಂಡುದನಿ; ಊಟಕ್ಕೆ ಏನಾದರೂ ಇದೆಯೇ ಎಂದು ಕೇಳಿತು. ಅಗಳಿಯನ್ನು ತೆಗೆಯದೆ, ಒಳಗಿನಿಂದಲೇ, ಏನೂ ಇಲ್ಲ ಮುಂದೆ ಹೋಗಪ್ಪ ಎಂದೆವು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು, ಕಾಲ ಸರಿಯಿರಲಿಲ್ಲ ಎಂದು ಆಗ ಹೇಳಿಕೊಂಡಿದ್ದೆವು. ಈ ವಿಷಯವನ್ನು ಬೆಳಗ್ಗೆ ತಾಯಿಯವರಲ್ಲಿ ಎತ್ತಿದಾಗ, ಅವರು ಮರೆತಿರಬಹುದೆಂದು ನಮ್ಮ ಭಾವನೆ. ಅವರು ಮರೆತಿರಲಿಲ್ಲ. ಅಂದು ಪಾತ್ರೆಯಲ್ಲಿ ಅರ್ಧಸೇರು ಅಕ್ಕಿಯ ಅನ್ನ ಮಿಕ್ಕಿದ್ದಿತೆಂದೂ, ಮಾರನೆಯ ದಿನ ಅದು ಹಳಸಿ ಹಸುವಿನ ಕಲಗಚ್ಚಿಗೆ ಹೋಯಿತೆಂದೂ ಹೇಳಿದರು.